ಅಂಜನಾ ಬರೆದ ಆರು ತಾಸು

ಮೂವತ್ತೊಂದು ಹಾಳೆ ನೋಡಿ ಮುಗಿಸುವಷ್ಟರಲ್ಲಿ ಮಧುಮತಿಗೆ ಎರಡು ಸಲ ನಗು ಬಂದಿತ್ತು. ಎಲ್ಲ ಮಕ್ಕಳೂ ಒಂದೇ ಮನೆಯಲ್ಲಿ ಬೆಳೆದವರ ಹಾಗೆ ಬರೆದಿದ್ದರು. ನಿದ್ದೆ ಎಂಟು ತಾಸು, ಆಟ ಎರಡು ತಾಸು, ಓದು ನಾಲ್ಕು ತಾಸು, ಮೊಬೈಲು ಮತ್ತು ಟಿ.ವಿ. ಕೂಡಿ ಒಂದು ತಾಸು. ಕೆಲವರು ಅದೂ ಹೆಚ್ಚೆನಿಸಿ ಅರ್ಧಕ್ಕೆ ಇಳಿಸಿದ್ದರು. ಹಗಲೆಲ್ಲ ಮೊಬೈಲ್ ಗೇಮಿನ ಮಾತೇ ಆಡುವ ದಶರಥ ‘ಹದಿನೈದು ನಿಮಿಷ’ ಎಂದು ದುಂಡಗೆ ಬರೆದು ಕೆಳಗೊಂದು ಗೆರೆ ಎಳೆದಿದ್ದ. ಮೂವತ್ತೆರಡನೆಯ ಹಾಳೆಗೆ ಬಂದಾಗ ಅವಳ ಕೈ ನಿಂತಿತು.

ನಿದ್ದೆ ಮೂರೂವರೆ ತಾಸು. ಮೊಬೈಲು ಆರು ತಾಸು. ಓದು ಎಂಬಲ್ಲಿ ಬರೀ ಒಂದು ಗೀಟು. ವಾರದ ಆರು ದಿನವೂ ಹೀಗೆಯೇ ಇತ್ತು. ಸೋಮವಾರ ಮಾತ್ರ ನಿದ್ದೆ ಒಂಬತ್ತು ತಾಸು, ಮೊಬೈಲು ಸೊನ್ನೆ. ಹಾಳೆಯ ಮೇಲೆ ಹೆಸರಿರಲಿಲ್ಲ, ಹಾಜರಿ ನಂಬರು ಅಷ್ಟೇ ಇತ್ತು. ಒಂಬತ್ತನೆಯ ತರಗತಿಯ ನಾಲ್ಕನೇ ನಂಬರು ಯಾರದೆಂದು ನೆನಪಿಸಿಕೊಳ್ಳುವ ಕಷ್ಟ ಮಧುಮತಿಗೆ ಬರಲಿಲ್ಲ. ಅದು ಅಂಜನಾ. ಬನಹಟ್ಟಿಯ ಮಗ್ಗದ ಓಣಿಯ ಹುಡುಗಿ. ಖೋ ಖೋ ತಂಡದಲ್ಲಿ ಅವಳ ಹಾಗೆ ಓಡುವವರು ಈ ಹತ್ತು ವರ್ಷದಲ್ಲಿ ಮಧುಮತಿಯ ಕೈಗೆ ಸಿಕ್ಕಿರಲಿಲ್ಲ.

ಹದಿನೈದು ದಿನದ ಹಿಂದೆ ಯಾವುದೋ ಮೆಡಿಕಲ್ ಕಾಲೇಜಿನಿಂದ ಮೂವರು ಬಂದಿದ್ದರು. ಹದಿಹರೆಯದ ಮಕ್ಕಳು ದಿನದ ಇಪ್ಪತ್ನಾಲ್ಕು ತಾಸನ್ನು ಆಟಕ್ಕೆ, ನಿದ್ದೆಗೆ, ಮೊಬೈಲಿಗೆ ಹೇಗೆ ಹಂಚಿಕೊಳ್ಳುತ್ತಾರೆಂದು ತಿಳಿಯಬೇಕಿತ್ತು ಅವರಿಗೆ. ಮಕ್ಕಳು ಒಂದು ವಾರ ತುಂಬಿದ ಹಾಳೆಗಳನ್ನು ಕೂಡಿಸಿ ಕಳಿಸುವ ಕೆಲಸ ಮಧುಮತಿಯದು. ಅವರ ಪೈಕಿ ಶ್ರೀದೇವಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಮಕ್ಕಳಿಗೆ ವಿವರಿಸತೊಡಗಿದರು. ಆಕೆಯ ಮೈಸೂರು ಕಡೆಯ ಕನ್ನಡಕ್ಕೆ ಮಕ್ಕಳು ಮುಖ ಮುಖ ನೋಡಿಕೊಂಡರು. ಆಗ ದೈಹಿಕ ಶಿಕ್ಷಕಿಯಾದ ಮಧುಮತಿಯೇ ಮುಂದೆ ಬಂದು, ಹತ್ತೊಂಬತ್ತು ವರ್ಷ ಮೈದಾನದಲ್ಲಿ ಕೂಗಿ ಕೂಗಿ ಒರಟಾದ ತನ್ನ ದನಿಯಲ್ಲಿ ಹೇಳಿದ್ದಳು.

“ಯಾರ ಹೆಸರೂ ಹೊರಗ ಹೋಗೂದಿಲ್ಲ. ನಿಮ್ಮ ಮನ್ಯಾಗೂ ಹೇಳೂದಿಲ್ಲ. ನನ್ನ ಮ್ಯಾಲ ಭರೋಸಾ ಇಟ್ಟು ಖರೆ ಇದ್ದದ್ದು ಬರೀರಿ.”

ಮೂವತ್ತೆರಡು ಮಕ್ಕಳಲ್ಲಿ ಭರೋಸಾ ಇಟ್ಟವಳು ಇವಳೊಬ್ಬಳೇ ಎಂಬುದು ಆ ಹೊತ್ತಿಗೆ ಮಧುಮತಿಯ ತಲೆಗೆ ಬರಲಿಲ್ಲ. ಬಂದದ್ದು ಬೇರೆ. ಒಂದು ತಿಂಗಳಿನಿಂದ ಅಂಜನಾ ಓಟದಲ್ಲಿ ಹಿಂದೆ ಬೀಳುತ್ತಿದ್ದಳು. ಹಿಂದಿನ ವಾರ ಬೂಟಿನ ಲಾಡಿ ಕಟ್ಟಲು ಬಗ್ಗಿದವಳು ಹಾಗೆಯೇ ಮೊಣಕಾಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಉಳಿದ ಹುಡುಗಿಯರು ಸುತ್ತ ನಿಂತು ಕಿಸಿಕಿಸಿ ನಗುತ್ತಿದ್ದರು. ರಕ್ತ ಕಡಿಮೆಯೇನೋ ಅಂದುಕೊಂಡು ಮಧುಮತಿ ಕಬ್ಬಿಣದ ಗುಳಿಗೆ ಕೊಡಿಸಿದ್ದಳು. ಈಗ ಕಾರಣ ಕಣ್ಣೆದುರಿಗೇ ಇತ್ತು.

ಅವಳಿಗೆ ಮೊಬೈಲಿನ ಮೇಲೆ ಸಿಟ್ಟು ಬರಲು ಹಾಳೆಯೇ ಬೇಕಿರಲಿಲ್ಲ. ಮನೆಯಲ್ಲಿ ಮಗ ಯಲ್ಲಾಲಿಂಗನಿದ್ದ. ಜಮಖಂಡಿಯ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ. ಊಟದ ತಾಟಿನ ಪಕ್ಕದಲ್ಲೂ ಅವನಿಗೆ ಮೊಬೈಲು ಬೇಕು. ಭೌತಶಾಸ್ತ್ರದಲ್ಲಿ ಹನ್ನೊಂದು ಅಂಕ ಬಂದ ದಿನ ಮಧುಮತಿ ಅದನ್ನು ಕಸಿದುಕೊಂಡು ತಿಜೋರಿಯಲ್ಲಿಟ್ಟಿದ್ದಳು. ಮಗ ಕೂಗಾಡಲಿಲ್ಲ. ನಾಲ್ಕು ದಿನ ಒಂದು ಮಾತೂ ಆಡದೆ ಉಂಡು, ತಾಟು ತೊಳೆದಿಟ್ಟು, ತನ್ನ ಕೋಣೆಗೆ ಹೋಗುತ್ತಿದ್ದ. ಐದನೆಯ ದಿನ ಅವಳೇ ಸೋತು ಮೊಬೈಲನ್ನು ಅವನ ಹಾಸಿಗೆಯ ಮೇಲೆ ಇಟ್ಟು ಬಂದಿದ್ದಳು. ಸ್ವಂತ ಮಗನ ಹತ್ತಿರ ಆಗದ್ದನ್ನು ಈ ಹುಡುಗಿಯ ಹತ್ತಿರವಾದರೂ ಮಾಡಬೇಕೆಂದು ಅವಳು ಸ್ಪಷ್ಟವಾಗಿ ಅಂದುಕೊಂಡಳೆಂದಲ್ಲ. ಆದರೆ ಹಾಳೆಯನ್ನು ಮಡಚಿ ಬೇರೆಯಾಗಿ ತನ್ನ ಪರ್ಸಿಗೆ ಹಾಕಿಕೊಂಡಳು.

ಮರುದಿನ ಸಂಜೆ ಅಂಜನಾಳನ್ನು ಮೈದಾನದ ಮೂಲೆಗೆ ಕರೆದು, ರಾತ್ರಿ ಮೊಬೈಲಿನಲ್ಲಿ ಏನು ನೋಡುತ್ತೀ ಎಂದು ಕೇಳಿದಳು. ಸುಮ್ಮನೆ ನೋಡುತ್ತೀನ್ರಿ ಅಂದಳು ಹುಡುಗಿ. ಸುಮ್ಮನೆ ಅಂದರೆ ಏನು, ರೀಲ್ಸಾ, ಯಾರ ಜೊತೆಯಾದರೂ ಮಾತಾ ಎಂದು ಮಧುಮತಿ ಮತ್ತೆ ಕೇಳಿದಳು. ಅಂಜನಾ ಕಾಲ ಹೆಬ್ಬೆರಳಿನಿಂದ ಸುಣ್ಣದ ಗೆರೆಯನ್ನು ಕೆರೆಯುತ್ತ ನಿಂತಳು. ಕೊನೆಗೆ ಒಂದೇ ಮಾತು ಹೇಳಿದಳು.

“ಯಾರಿಗೂ ಹೇಳೂದಿಲ್ಲ ಅಂದಿದ್ರೆಲ್ಲರಿ ಮೇಡಂ.”

ಹೇಳುವುದಿಲ್ಲ, ಹೋಗು ಎಂದು ಮಧುಮತಿ ಕಳಿಸಿದಳು. ಆ ಮಾತನ್ನು ಅವಳು ಮೂರು ದಿನ ನಡೆಸಿದಳು ಕೂಡ. ವಾರವಿಡೀ ಕೆಟ್ಟ ನಿದ್ದೆ ಒಂದು ಸೋಮವಾರದ ರಾತ್ರಿಯಲ್ಲಿ ತೀರುವಂತಿರಲಿಲ್ಲ. ಮಂಗಳವಾರ ಸಂಜೆ ಅಭ್ಯಾಸದಲ್ಲಿ ಅಂಜನಾ ಕಂಬ ಸುತ್ತಿ ತಿರುಗುವಾಗ ಕಣ್ಣಿಗೆ ಕತ್ತಲೆ ಬಂದವಳಂತೆ ಕಂಬಕ್ಕೇ ಹಾಯ್ದಳು. ಗದ್ದ ಒಡೆದು ಮೂರು ಹೊಲಿಗೆ ಬಿದ್ದವು. ಬಾಗಲಕೋಟೆಯ ಜಿಲ್ಲಾ ಪಂದ್ಯಕ್ಕೆ ಎಂಟು ದಿನ ಉಳಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮಧುಮತಿ ಸೀರೆಯ ಸೆರಗಿಗೆ ಹತ್ತಿದ ರಕ್ತವನ್ನೂ ತೊಳೆಯದೆ, ಹಾಜರಿ ಪುಸ್ತಕದಲ್ಲಿ ನಂಬರು ಹುಡುಕಿ ಅಂಜನಾಳ ಅಪ್ಪ ಲಗಮಪ್ಪನಿಗೆ ಫೋನು ಮಾಡಿದಳು. ಹೊಲಿಗೆಯ ವಿಷಯ ಹೇಳಿದಳು. ಅದರ ಬೆನ್ನಿಗೇ ಉಳಿದದ್ದೂ ಬಂದುಬಿಟ್ಟಿತು. ನಿಮ್ಮ ಮಗಳು ದಿನಾ ರಾತ್ರಿ ಆರಾರು ತಾಸು ಮೊಬೈಲು ನೋಡುತ್ತಾಳೆ, ತಾನೇ ಬರೆದು ಕೊಟ್ಟಿದ್ದಾಳೆ, ಹೀಗಾದರೆ ಆಟವೂ ಹೋಯಿತು, ಹುಡುಗಿಯೂ ಕೈಬಿಟ್ಟು ಹೋಗುತ್ತಾಳೆ ಎಂದಳು.

ಆ ಕಡೆ ಮಗ್ಗಗಳ ಸಪ್ಪಳವಷ್ಟೇ ಕೇಳಿಸುತ್ತಿತ್ತು. ಲಗಮಪ್ಪ ರಾತ್ರಿ ಪಾಳಿಗೆ ಆಗಲೇ ಶೆಡ್ಡಿಗೆ ಬಂದಿದ್ದ.

“ಆರು ತಾಸೇನ್ರಿ?” ಎಂದು ಕೇಳಿದ. ಆಮೇಲೆ, “ಹೇಳಿದ್ದು ಛಲೋ ಆತ್ರಿ,” ಅಂದು ಫೋನು ಇಟ್ಟ.

ಯಲ್ಲಾಲಿಂಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮಕ್ಕಳ ಹಾಳೆಯ ಸುದ್ದಿಯನ್ನು ತಾಯಿಯೇ ಹಿಂದಿನ ವಾರ ಊಟಕ್ಕೆ ಕುಳಿತಾಗ ಹೇಳಿದ್ದಳು.

“ಹೇಳೂದಿಲ್ಲ ಅಂತ ಮಾತು ಕೊಟ್ಟಿದ್ದಿ ಮಮ್ಮಿ. ಇನ್ನ ಮ್ಯಾಲ ಆಕಿ ಯಾರ ಮುಂದೂ ಖರೆ ಹೇಳೂದಿಲ್ಲ ನೋಡು.”

ನಿನಗೇನು ತಿಳಿಯುತ್ತದೆ, ಹೋಗಿ ಓದಿಕೋ ಎಂದು ಅವಳು ಗದರಿಸಿದಳು.

ಬುಧವಾರದಿಂದ ಅಂಜನಾ ಬದಲಾದಳು. ಅಪ್ಪ ಆ ರಾತ್ರಿಯೇ ಮನೆಗೆ ಬಂದು ಮೊಬೈಲು ತೆಗೆದುಕೊಂಡು ಹೋದನೆಂದು ಗೆಳತಿಯರಿಂದ ತಿಳಿಯಿತು. ಗದ್ದಕ್ಕೆ ಪಟ್ಟಿ ಹಚ್ಚಿಕೊಂಡೇ ಮೈದಾನಕ್ಕೆ ಬಂದವಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು. ಗುರುವಾರ ಅವಳು ಓಡಿದ ಓಟಕ್ಕೆ ಮೂವರು ಹಿಂಬಾಲಿಸಿದರೂ ಕೈ ಹಚ್ಚಲಾಗಲಿಲ್ಲ. ಮಧುಮತಿ ಸೀಟಿ ಊದುವುದನ್ನೂ ಮರೆತು ನೋಡಿದಳು. ಮಾಡಿದ್ದು ಸರಿಯಾಯಿತು ಎಂಬ ಸಮಾಧಾನ ಮೈಯೆಲ್ಲ ಹರಿದಂತಾಯಿತು. ಒಂದೇ ಕೊರತೆಯೆಂದರೆ ಹುಡುಗಿ ಅವಳ ಮುಖ ನೋಡುತ್ತಿರಲಿಲ್ಲ. ಕರೆದರೆ ಬರುತ್ತಿದ್ದಳು, ಹೇಳಿದ್ದು ಮಾಡುತ್ತಿದ್ದಳು, ಕಣ್ಣು ಮಾತ್ರ ಎಲ್ಲೋ ಇರುತ್ತಿತ್ತು. ಸಿಟ್ಟಿರಬೇಕು, ಇರಲಿ, ನಾಳೆ ತಿಳಿಯುತ್ತದೆ ಅಂದುಕೊಂಡಳು ಮಧುಮತಿ.

ಶುಕ್ರವಾರ ಮಧ್ಯಾಹ್ನ ಅಂಜನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಮಧುಮತಿ ಒಬ್ಬಳೇ ಇದ್ದಳು.

“ಮೇಡಂ, ನಿಮ್ಮ ಫೋನ ಒಂದ ನಿಮಿಷ ಕೊಡ್ತೀರೇನ್ರಿ?”

ಅವಳ ಎಡ ಅಂಗೈಯಲ್ಲಿ ನೀಲಿ ಮಸಿಯ ಅಂಕಿಗಳಿದ್ದವು. ಯಾರಿಗೆ ಮಾಡಬೇಕು ಎಂದು ಮಧುಮತಿ ಕೇಳಿದಳು. ಹುಡುಗಿ ಅಂಗೈ ನೋಡಿಕೊಂಡಳು. ಮಧುಮತಿ ಕುರ್ಚಿ ಬಿಟ್ಟೆದ್ದು, ಅವಳ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದಲೇ ಹೇಳಿದಳು.

“ಒಂದು ವಾರ ಫೋನ ಅಂಬೂದನ್ನ ಮರ್ತುಬಿಡು. ಹೆಂಗ ಓಡಾಕತ್ತಿ ನೋಡು ಈಗ. ಪಂದ್ಯ ಮುಗೀಲಿ, ಆಮ್ಯಾಲ ನಾನ ನಿಮ್ಮಪ್ಪಗ ಹೇಳಿ ಕೊಡಸ್ತೀನಿ.”

ಅಂಜನಾ ಅಂಗೈ ಮುಚ್ಚಿಕೊಂಡು ಹೋದಳು.

ಮರುದಿನ ಶನಿವಾರ. ಬೆಳಗಿನ ಶಾಲೆ ಬಿಡಲು ಅರ್ಧ ತಾಸಿರುವಾಗ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದು ಮಧುಮತಿಯ ಕಣ್ಣಿಗೆ ಬಿತ್ತು. ನಲವತ್ತರ ಒಳಗಿನ ವಯಸ್ಸು. ಬಸ್ಸಿನಲ್ಲಿ ಮುದುಡಿದ ಸೀರೆ, ಕಂಕುಳಲ್ಲೊಂದು ಬಟ್ಟೆಯ ಚೀಲ, ಕೈಯಲ್ಲಿ ಇನ್ನೊಂದು. ಒಳಗೆ ಬರಲೂ ಅಂಜಿ, ಹಿಂದಕ್ಕೆ ಹೋಗಲೂ ಆಗದೆ ಕಂಬಿ ಹಿಡಿದು ನಿಂತಿದ್ದಳು. ಮಧುಮತಿ ಹತ್ತಿರ ಹೋಗಿ ಕೇಳಿದಾಗ, ತಾನು ಅಂಜನಾಳ ತಾಯಿ ಮರೆವ್ವ ಎಂದಳು. ಅಂಜನಾಳ ತಾಯಿ ಕಾಯಿಲೆಯ ಅಜ್ಜಿಯನ್ನು ನೋಡಿಕೊಳ್ಳಲು ತವರಿಗೆ ಹೋಗಿದ್ದಾಳೆಂದು ಶಾಲೆಯಲ್ಲಿ ಎಲ್ಲರೂ ತಿಳಿದಿದ್ದರು. ಲಗಮಪ್ಪ ಹಾಗೆ ಹೇಳಿದ್ದ.

“ಅಂಜೂ ಆರಾಮ ಅದಾಳೇನ್ರಿ ಅಕ್ಕಾರ? ಮಂಗಳವಾರದಿಂದ ಫೋನ ಬಾರಸತೈತಿ, ಯಾರೂ ಎತ್ತವಲ್ರು. ಆಕಿ ಅಪ್ಪಗ ಹಚ್ಚಿದ್ರ ಕಟ್ ಮಾಡತಾನ.”

ಆರಾಮಾಗಿದ್ದಾಳೆ, ಕ್ಲಾಸಿನಲ್ಲಿದ್ದಾಳೆ ಎಂದಾಗ ಮರೆವ್ವ ಅಲ್ಲೇ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮಧುಮತಿ ನೀರು ತರಿಸಿ ಕೊಟ್ಟು ಪಕ್ಕದಲ್ಲಿ ಕುಳಿತಳು. ಮೆಲ್ಲಗೆ ಒಂದೊಂದಾಗಿ ಮಾತು ಹೊರಬಿತ್ತು.

ಮರೆವ್ವ ಇದ್ದದ್ದು ತವರಿನಲ್ಲಲ್ಲ, ಸಾಂಗಲಿಯಲ್ಲಿ. ಮಗ್ಗಗಳು ವಾರದಲ್ಲಿ ಮೂರು ದಿನ ನಿಲ್ಲತೊಡಗಿದಾಗ ಮನೆಯಲ್ಲಿ ನೂಲು ಸುತ್ತುವ ಅವಳ ಕೆಲಸವೂ ನಿಂತಿತ್ತು. ಗುರುತಿನವರೊಬ್ಬರು ಸಾಂಗಲಿಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಹೇಳಿದರು. ಲಗಮಪ್ಪ ಒಪ್ಪಲಿಲ್ಲ. ಪರರ ಹೇಲು ಉಚ್ಚೆ ಬಳಿಯುವ ಗತಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಂದಿಲ್ಲ ಅಂದ. ಅವಳು ಹಟ ಹಿಡಿದು ಹೊರಟಾಗ, ಹೋದರೆ ತಿರುಗಿ ಬರಬೇಡ, ನನ್ನ ಮಗಳ ಜೊತೆ ಮಾತೂ ಆಡಬೇಡ ಅಂದ. ಎಂಟು ತಿಂಗಳಾಗಿತ್ತು. ಕರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ತಂದ ಮೊಬೈಲು ಮನೆಯಲ್ಲಿತ್ತು. ಲಗಮಪ್ಪ ರಾತ್ರಿ ಪಾಳಿಗೆ ಹೋದ ಮೇಲೆ ಮನೆಯಲ್ಲಿರುತ್ತಿದ್ದವಳು ಅವನ ತಾಯಿ ತಾರವ್ವ ಒಬ್ಬಳೇ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

“ನಂದೂ ರಾತ್ರಿ ಪಾಳೀನರಿ. ಮುದುಕಿಗಿ ತಾಸೆರಡ ತಾಸಿಗಿ ಮಗ್ಗಲ ಬದಲಿಸಬೇಕು, ಇಲ್ಲಂದ್ರ ಬೆನ್ನ ಹುಣ್ಣಾಗತೈತಿ. ಒಬ್ಬಾಕಿನ ಕುಂತ್ರ ಕಣ್ಣು ಹತ್ತತಾವ. ಎರಡ ತಿಂಗಳ ಹಿಂದ ಒಮ್ಮೆ ಹತ್ತಿ, ಅವರ ಕೈಯಾಗ ಸಿಕ್ಕಿದ್ನಿ. ಇನ್ನೊಮ್ಮೆ ಹಿಂಗಾದ್ರ ಬರಬ್ಯಾಡಂದ್ರು. ಅದನ್ನ ಅಂಜೂನ ಮುಂದ ಹೇಳಬಾರದಿತ್ತು, ಹೇಳಿದ್ನಿ. ಎವ್ವಾ, ನೀ ಫೋನ ಹಚ್ಚಿ ಮುಂದ ಇಟ್ಕೊ, ನಾ ನಿನಗ ಮಕ್ಕೋಗೊಡೂದಿಲ್ಲ ಅಂದ್ಲು.”

ಹಾಗೆ ಶುರುವಾದದ್ದು ದಿನದ ರೂಢಿಯಾಯಿತು. ರಾತ್ರಿ ಹತ್ತಕ್ಕೆ ಹಚ್ಚಿದ ವಿಡಿಯೋ ಕಾಲು ನಸುಕಿನ ನಾಲ್ಕಕ್ಕೆ, ಆ ಮನೆಯ ಸೊಸೆ ಎದ್ದ ಮೇಲೆ ನಿಲ್ಲುತ್ತಿತ್ತು. ಇಬ್ಬರಿಗೂ ಅಷ್ಟು ಹೊತ್ತು ಆಡಲು ಮಾತಾದರೂ ಎಲ್ಲಿರುತ್ತದೆ? ಅಂಜನಾ ಪುಸ್ತಕ ತೆಗೆದು ಪಾಠ ಓದುತ್ತಿದ್ದಳು. ವಿಜ್ಞಾನ, ಸಮಾಜ, ಇಂಗ್ಲಿಷು. ಮರೆವ್ವನಿಗೆ ಒಂದೂ ತಿಳಿಯುತ್ತಿರಲಿಲ್ಲ, ಮಗಳ ದನಿ ಕೇಳುತ್ತ ಕೂಡುತ್ತಿದ್ದಳು. ತಾಯಿಯ ತಲೆ ವಾಲಿದ್ದು ಕಂಡರೆ ಅಂಜನಾ ಓದು ನಿಲ್ಲಿಸಿ ‘ಎವ್ವಾ’ ಎಂದು ಕರೆಯುತ್ತಿದ್ದಳು. ಮಗ್ಗಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದವು, ಈಗ ಸೋಮವಾರ ಮಾತ್ರ ಸೂಟಿ, ಆ ದಿನ ಲಗಮಪ್ಪ ಮನೆಯಲ್ಲಿರುತ್ತಿದ್ದ. ಆ ಒಂದು ರಾತ್ರಿ ಇಬ್ಬರೂ ತಮ್ಮ ತಮ್ಮ ಪಾಡಿಗೆ.

ಮಧುಮತಿಯ ಕಣ್ಣೆದುರು ಹಾಳೆಯ ಮೇಲಿನ ಆ ಗೀಟು ಬಂದು ನಿಂತಿತು. ಓದಿದ್ದನ್ನು ಯಾವ ಖಾನೆಯಲ್ಲಿ ಬರೆಯಬೇಕೆಂದು ಹುಡುಗಿಗೆ ತಿಳಿದಿರಲಿಲ್ಲ. ಮೊಬೈಲಿನ ಮುಂದೆ ಕುಳಿತದ್ದು ಖರೆ, ಅದನ್ನು ಮೊಬೈಲಿನಲ್ಲಿ ಬರೆದಿದ್ದಳು.

“ಮತ್ತ ಈಗ ಬಂದೀರಿ, ಕೆಲಸ?” ಎಂದು ಅವಳು ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

ಮಗಳ ಚಿಂತೆಯಲ್ಲಿ ಮರೆವ್ವನಿಗೆ ಮೂರು ದಿನ ಹಗಲು ನಿದ್ದೆ ಬಂದಿರಲಿಲ್ಲ. ನಾಲ್ಕನೆಯ ರಾತ್ರಿ ಕುಳಿತಲ್ಲೇ ಕಣ್ಣು ಮುಚ್ಚಿದ್ದವು. ಮುದುಕಿ ಒದ್ದೆಯಲ್ಲೇ ಮಲಗಿ ಕೂಗಿ ಕೂಗಿ ಸುಸ್ತಾದ ಮೇಲೆ ಅವಳ ಮಗನಿಗೆ ಕೇಳಿಸಿತು. ಬೆಳಗಾಗುವುದರೊಳಗೆ ಚೀಲ ಕಟ್ಟಿಕೋ ಅಂದರು. ಇದನ್ನೆಲ್ಲ ಮರೆವ್ವ ಯಾರ ಮೇಲೂ ದೂರಿಲ್ಲದೆ, ಬಸ್ಸು ತಪ್ಪಿದ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಆಮೇಲೆ, ಫೋನು ಕೆಟ್ಟಿದೆಯೋ ಏನೋ, ಮೇಡಮ್ಮರಿಗೇನಾದರೂ ಗೊತ್ತೇ ಎಂದು ಕೇಳಿದಳು.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಲಗಮಪ್ಪ ತಾನೇ ಹಿಡಿದನೆಂದು ಮರೆವ್ವ ನಂಬುತ್ತಿದ್ದಳು. ಶಾಲೆಯ ಒಳಗೆ ಯಾರೋ ಮಗ್ಗಿ ಹೇಳಿಸುತ್ತಿದ್ದರು.

“ಫೋನ ಹೋಗಿದ್ದು ನನ್ನಿಂದ, ಮರೆವ್ವಾ,” ಅಂದಳು. ಹಾಳೆ, ತಾನು ಕೊಟ್ಟ ಮಾತು, ಲಗಮಪ್ಪನಿಗೆ ಮಾಡಿದ ಫೋನು, ನಿನ್ನೆ ಅಂಗೈಯಲ್ಲಿ ನಂಬರು ಬರೆದುಕೊಂಡು ಬಂದ ಹುಡುಗಿಯನ್ನು ಬುದ್ಧಿ ಹೇಳಿ ಕಳಿಸಿದ್ದು, ಒಂದನ್ನೂ ಬಿಡದೆ ಹೇಳಿದಳು. ಓಣಿಯಲ್ಲಿ ಬೇರೆ ಯಾರ ಫೋನು ಕೇಳಿದರೂ ತಾಯಿ ಎಲ್ಲಿದ್ದಾಳೆಂಬ ಗುಟ್ಟು ಹೊರಬೀಳುತ್ತಿತ್ತು. ಅದಕ್ಕೇ ಹುಡುಗಿ ತನ್ನಲ್ಲಿಗೆ ಬಂದಿದ್ದಳೆಂದು ಹೇಳುವಾಗಲೇ ಅವಳಿಗೆ ಹೊಳೆಯಿತು.

ಮರೆವ್ವ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ನೀವು ಒಳ್ಳೇದಕ್ಕನ ಮಾಡೀರಿ ಬಿಡ್ರಿ,” ಅಂದಳು. ಬೈದಿದ್ದರೆ ಮಧುಮತಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಶಾಲೆ ಬಿಟ್ಟಿತು. ಅಂಜನಾ ಗೆಳತಿಯರ ಗುಂಪಿನಲ್ಲಿ ಬರುತ್ತಿದ್ದವಳು ಗಿಡದ ಕೆಳಗಿನ ತಾಯಿಯನ್ನು ನೋಡಿ ನಿಂತಳು. ಓಡಿ ಬರಲಿಲ್ಲ. ಒಂದೊಂದೇ ಹೆಜ್ಜೆ ಹಾಕಿ ಬಂದು, ತಾಯಿಯ ಪಕ್ಕದ ಎರಡೂ ಚೀಲಗಳನ್ನು ನೋಡಿದಳು. ಕೆಲಸ ಹೋದದ್ದನ್ನು ಚೀಲಗಳೇ ಅವಳಿಗೆ ಹೇಳಿದವು. ಮರೆವ್ವ ಅವಳ ಗದ್ದದ ಪಟ್ಟಿಯ ಮೇಲೆ ಬೆರಳಿಟ್ಟು ನೋವಾಗುತ್ತದೆಯಾ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದ ಹುಡುಗಿ ಮಧುಮತಿಯ ಕಡೆ ತಿರುಗಿದಳು. ನಾಲ್ಕು ದಿನದ ಮೇಲೆ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು.

“ನಾ ಸುಳ್ಳ ಬರೀಬೇಕಿತ್ತೇನ್ರಿ ಮೇಡಂ?”

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಲೆಕ್ಕವನ್ನು ಕೇಳುವ ಹಾಗೆ ಕೇಳಿದ್ದಳು. ಮಧುಮತಿ ಇಲ್ಲ ಎಂದಳು. ತಪ್ಪು ನನ್ನದು ಎಂದೂ ಹೇಳಿದಳು. ಅಂಜನಾ ಭಾರದ ಚೀಲವನ್ನು ಎತ್ತಿಕೊಂಡಳು.

ಮನೆಗೆ ಮೂವರೂ ಕೂಡಿಯೇ ಹೋದರು. ಮಧುಮತಿ ತಾನೂ ಬರುತ್ತೇನೆಂದಳು, ಯಾರೂ ಬೇಡ ಅನ್ನಲಿಲ್ಲ. ತಾರವ್ವ ಹೊರಕಟ್ಟೆಯ ಮೇಲೆ ಕುಳಿತು ಸೊಸೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ಒಳಗೆ ನಡೆ ಎಂದು ಕೈ ಮಾಡಿದಳು. ರಾತ್ರಿ ದುಡಿದು ಬಂದು ಮಲಗಿದ್ದ ಲಗಮಪ್ಪ ಎದ್ದು ಗೋಡೆಗೆ ಒರಗಿದ. ತೆಳ್ಳಗಿನ ಮನುಷ್ಯ; ಕೂದಲಲ್ಲಿ ಹತ್ತಿಯ ಧೂಳು ಹಾಗೆಯೇ ಇತ್ತು. ಮಧುಮತಿ ಅವನ ಮುಂದೆಯೂ ಇನ್ನೊಮ್ಮೆ ಎಲ್ಲ ಹೇಳಿದಳು. ಹುಡುಗಿ ಆರು ತಾಸು ಏನು ಮಾಡುತ್ತಿದ್ದಳೆಂಬುದನ್ನು ಹೇಳುವಾಗ ಅವನು ನೆಲ ನೋಡುತ್ತಿದ್ದ. ಮುಗಿದ ಮೇಲೆ ಎದ್ದು, ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಿಂದ ಮೊಬೈಲು ತೆಗೆದು ಮಗಳ ಮುಂದೆ ನೆಲದ ಮೇಲಿಟ್ಟ.

“ಮಗ್ಗದ ಕಟ್ಟಿಗಿ ಮ್ಯಾಲ ಇಟ್ಟಿರತಿದ್ನಿ,” ಎಂದ, ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದ ಹಾಗೆ. “ಸಪ್ಪಳದಾಗ ಕೇಳಂಗಿಲ್ಲ. ಬೆಳಕ ಆಗಿ ಆಗಿ ಆರತಿತ್ತು. ಆಕಿ ಹೆಸರ ಬರತಿತ್ತು. ಎತ್ತಿದ್ರ ಏನಂತ ಮಾತಾಡೂದು?”

ತವರೂರು ಬೆಳಗಲಿಗೆ, ತಾಯಿಯ ಮನೆಗೆ ಹೋಗುತ್ತೇನೆ, ಹೇಗೂ ನಾಳೆ ಭಾನುವಾರ, ಅಂಜೂನ್ನ ಕರೆದುಕೊಂಡು ಹೋಗುತ್ತೇನೆ ಎಂದಳು ಮರೆವ್ವ. ಕೇಳಿದ್ದಲ್ಲ, ಹೇಳಿದ್ದು. ಅಲ್ಲಿಯೇ ಸಾಲೆಗೆ ಹಾಕುತ್ತೀಯೇನು ಎಂದು ಲಗಮಪ್ಪ ಕೇಳಿದ. ಆಕಿ ಹೆಂಗ ಅಂತಾಳ ಹಂಗ, ಅಂದಳು ಮರೆವ್ವ. ಗಂಡ ಹೆಂಡತಿ ಇಬ್ಬರೂ ಮಗಳ ಕಡೆ ನೋಡಿದರು. ಅಂಜನಾ ಒಳಕೋಣೆಗೆ ಹೋಗಿ ಎರಡು ಜೊತೆ ಬಟ್ಟೆ ತಂದಳು. ಪುಸ್ತಕಗಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಅವನ್ನೂ ಚೀಲಕ್ಕೆ ಹಾಕಿದಳು. ಆಟದ ಬೂಟು ಬಾಗಿಲ ಹಿಂದೆಯೇ ಉಳಿಯಿತು. ಪಂದ್ಯ ಬುಧವಾರವಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೋಗುವ, ದಾರಿಯಲ್ಲಿ ಬೆಳಗಲಿಗೂ ನಿಲ್ಲುವ ಬಸ್ಸು ನಿಂತಿತ್ತು. ಶನಿವಾರದ ಗದ್ದಲ; ಸೀರೆಯ ಗಂಟುಗಳನ್ನು ಹೊತ್ತ ಇಬ್ಬರು ಬಾಗಿಲಲ್ಲೇ ಜಗ್ಗಾಡುತ್ತಿದ್ದರು. ತಾಯಿ ಮಗಳಿಗೆ ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತು. ಮಧುಮತಿ ಕಿಟಕಿಯ ಹೊರಗೆ ನಿಂತು, ಏನಾದರೂ ಬೇಕಾದರೆ ಫೋನು ಮಾಡಿರಿ ಎಂದು ಮರೆವ್ವನಿಗೆ ಹೇಳಿದಳು. ಹೇಳಿದ ಮೇಲೆ ಆ ಮಾತು ತನಗೇ ಹೇಗೋ ಆಯಿತು. ಮರೆವ್ವ ಆತ್ರಿ ಎಂದು ಕೈಮುಗಿದಳು.

ಬಸ್ಸು ಬಿಡಲು ಇನ್ನೂ ಐದು ನಿಮಿಷವಿತ್ತು. ಎಂಜಿನ್ ಶುರುವಾಗಿ ಕಿಟಕಿಯ ಗಾಜುಗಳು ನಡುಗುತ್ತಿದ್ದವು. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಬೀಳುತ್ತಿದ್ದರೂ ಅಂಜನಾ ಆಗಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ತಲೆ ತಾಯಿಯ ಹೆಗಲ ಮೇಲಿತ್ತು. ಮರೆವ್ವ ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು, ಇನ್ನೊಂದು ಕೈಯನ್ನು ಮುಂದಿನ ಸೀಟಿನ ಕಂಬಿಗೆ ಊರಿ, ಕಣ್ಣು ತೆರೆದುಕೊಂಡು ನೆಟ್ಟಗೆ ಕುಳಿತಿದ್ದಳು.